ಉಪ್ಪು ಬಿಟ್ಟ ಶ್ರಾವಣ

೧೬ ಆಗಸ್ಟ್ ೧೯೫೬, ಗುರುವಾರ. ಬೆಳಿಗ್ಗೆ

ಬಾಟಲಿ ಅಲುಗಾಡಿಸಿದೆ. ಅದಕ್ಕೆ ಅಂಟಿಸಿದ ಕಾಗದದ ಡೋಸಿನ ಗುರುತಿನತನಕ ಬಗ್ಗಿಸಿ ಕುಡಿದೆ. ಮೇಲೆ ಅರ್ಧ ಲೋಟ ನೀರು. ಹದಿನೈದು ವರ್ಷದ ಅಭ್ಯಾಸ — ಕೈ ತಾನೇ ಮಾಡುತ್ತದೆ. ನರ್ವ್ಸ್‌ಗೆಂದು ಕೊಟ್ಟ ಈ ಬ್ರೋಮೈಡ್ ಮಿಕ್ಸ್ಚರಿನ ರುಚಿ ಮೊದಲು ಉಪ್ಪುಪ್ಪು, ಹಿಂದೆಯೇ ಕಹಿ. ಇವತ್ತು ಆ ಉಪ್ಪು ಹೆಚ್ಚು ಗೊತ್ತಾಯಿತು. ಸೋಮವಾರದಿಂದ ಬೇರೆ ಉಪ್ಪು ನಾಲಿಗೆಗೆ ಬಿದ್ದಿಲ್ಲವಲ್ಲ.

ಶ್ರಾವಣದ ಮೊದಲ ಸೋಮವಾರ ಉಪ್ಪು ಬಿಟ್ಟೆ. ಮಗಳು ನೀಲಾಳ ಕೂಸಿನ ಅಳು ಕಿವಿಗೆ ಬೀಳುವತನಕ. ಹೋದ ವರ್ಷ ಮುಂಡರಗಿಯಲ್ಲಿ, ಗಂಡನ ಮನೆಯಲ್ಲಿ, ಅವಳಿಗೆ ಐದನೇ ತಿಂಗಳಲ್ಲಿ ಗರ್ಭ ಹೋಯಿತು. ಈ ಸಲ ಶಿರಹಟ್ಟಿ ಫಕೀರೇಶ್ವರನಿಗೆ ಹರಕೆ. ಕಾನ್ವೆಂಟಿನಲ್ಲಿ ಕಲಿತವಳು ಹರಕೆ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ? ಹೌದು ಎನ್ನಲು ನಾಚಿಕೆ. ಇಲ್ಲ ಎನ್ನಲು ಧೈರ್ಯವಿಲ್ಲ.

ಮಿಕ್ಸ್ಚರಿನ ಉಪ್ಪಿನಿಂದ ಹರಕೆ ಮುರಿಯುತ್ತದೆಯೇ ಎಂದು ಶಂಕ್ರೆವ್ವನನ್ನು ಕೇಳಿದೆ. ಇವರ ಅಕ್ಕ. ನಾನು ಮದುವೆಯಾಗಿ ಗದುಗಿಗೆ ಬರುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ದೇವರಿಗೆ ಬ್ಯಾರೆ ಉದ್ಯೋಗ ಇಲ್ಲೇನ? ನಿನ್ನ ಬಾಟಲಿ ನೆಕ್ಕಿ ನೋಡಾಕ ಬರ್ತಾನೇನು?"

೨ ಸೆಪ್ಟೆಂಬರ್, ಭಾನುವಾರ

ಇವರು ತಂದ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ. ನರ್ವ್ಸ್‌ಗೆಂದು ವರ್ಷಗಟ್ಟಲೆ ಬ್ರೋಮೈಡ್ ಕುಡಿದವರ ನೆನಪು ಮಂಕಾಗುವುದುಂಟಂತೆ. ಮುಂದೆ, ಮುಪ್ಪಿನಲ್ಲಿ? ಅದನ್ನು ಬರೆದಿಲ್ಲ. ಬರೆಯದೆ ಬಿಟ್ಟದ್ದೇ ನನಗೆ ದೊಡ್ಡ ಅಕ್ಷರದಲ್ಲಿ ಕಾಣಿಸುತ್ತಿದೆ.

ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ಹುಡುಗಿಯಾಗಿದ್ದಾಗ ಬೆಳಗಾವಿ ಕಾನ್ವೆಂಟಿಗೆ ಹೋಗುತ್ತಿದ್ದ ದಾರಿ. ಲಕ್ಷ್ಮೇಶ್ವರದಿಂದ ಗದುಗಿಗೆ ಗಾಡಿ, ಇಲ್ಲಿಂದ ರೈಲು. ಕಿಟಕಿಗೆ ಮೂಗು ಹಚ್ಚಿ ಸ್ಟೇಷನ್ನುಗಳನ್ನು ಅಪ್ಪನಿಗೆ ಒಪ್ಪಿಸುತ್ತಿದ್ದೆ — ಗದಗ, ಬಿಂಕದಕಟ್ಟಿ, ಹುಲಕೋಟಿ, ಅಣ್ಣಿಗೇರಿ, ಶಿಶ್ವಿನಹಳ್ಳಿ... ಕುಸುಗಲ್, ಹುಬ್ಬಳ್ಳಿ.

ಶಿಶ್ವಿನಹಳ್ಳಿಗೂ ಕುಸುಗಲ್ಲಿಗೂ ನಡುವೆ ಒಂದಿತ್ತು. ಅಪ್ಪ ಪೇರಲಕ್ಕೆಂದು ಇಳಿಯುತ್ತಿದ್ದ ಸ್ಟೇಷನ್. ಪೇರಲದ ಒಳಗಿನ ಕೆಂಪು ನೆನಪಿದೆ. ಗಾಡಿ ಹೊರಟ ಮೇಲೆ ಅಪ್ಪ ಓಡಿಬಂದು ಹತ್ತುವಾಗ ಬಿಚ್ಚಿಕೊಳ್ಳುತ್ತಿದ್ದ ರುಮಾಲಿನ ತುದಿ ನೆನಪಿದೆ. ಈ ಸಲ ಅಪ್ಪ ಉಳಿದೇಬಿಟ್ಟ ಎಂದು ಪ್ರತಿ ಸಲ ಎದೆ ಧಸಕ್ಕೆಂದದ್ದೂ. ಹೆಸರು ಮಾತ್ರ ಇಲ್ಲ.

ಇವರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಕೇಳುವುದಿಲ್ಲ.

೧೯ ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ

ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ. ರುಚಿ ನೋಡುವ ಹಾಗಿಲ್ಲ, ಆದ್ದರಿಂದ ಗೊತ್ತಾಗಲಿಲ್ಲ — ಎಂದು ಹೇಳಿದೆ. ಸುಳ್ಳು. ಮೊದಲ ಸಲ ಹಾಕಿದ್ದೇ ನೆನಪಿಲ್ಲ. ಇವರು ಮಜ್ಜಿಗೆ ಸುರಿದುಕೊಂಡು ಉಂಡರು. ಶಂಕ್ರೆವ್ವ ಬಿಡುವವಳೇ?

"ನೀ ಬಿಟ್ಟ ಉಪ್ಪೆಲ್ಲಾ ನಮ್ಮ ತಾಟಿಗೆ ಸುರದೀಯಲ್ಲ, ನಮಗೂ ಒಂಚೂರು ಪುಣ್ಯಾ ಬರ್ಲಿ ಅಂತೇನು?"

ನಕ್ಕೆ. ಒಳಗೆ ನಗು ಇರಲಿಲ್ಲ.

ಅವ್ವನ ಕೊನೆಯ ಎರಡು ವರ್ಷ ಹೀಗೆಯೇ ಶುರುವಾದದ್ದು. ಲಕ್ಷ್ಮೇಶ್ವರದ ಅಡುಗೆಮನೆಯ ಕಿಂಡಿಯಲ್ಲಿ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಕೂತು ಅವ್ವ ಅಗಸಿಚಟ್ನಿ ಕುಟ್ಟುತ್ತಿದ್ದಳು. ಅಂಥ ಚಟ್ನಿ ಊರಲ್ಲಿ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಒಂದು ದಿನ ಒನಕೆ ಹಿಡಿದು, ಮುಂದೇನು ಎಂದು ನನ್ನ ಮುಖ ನೋಡಿದಳು. ಕೊನೆಗೊಮ್ಮೆ ನಾನು ಬಾಗಿಲಲ್ಲಿ ನಿಂತಾಗ ಬಹಳ ಮರ್ಯಾದೆಯಿಂದ ಕೇಳಿದಳು — "ಬಾ ತಂಗಿ, ಕುಂಡ್ರು. ಯಾರ ಪೈಕಿ ನೀ?"

ಅರಳು-ಮರಳು ಎಂದರು ಎಲ್ಲರೂ. ಅವ್ವ ಒಂದು ಗುಟುಕು ಇಂಗ್ಲಿಷ್ ಔಷಧ ಕುಡಿದವಳಲ್ಲ. ಹಾಗಿದ್ದರೆ ನನಗೆ ಬರುತ್ತಿರುವುದು ಬಾಟಲಿಯಿಂದಲೋ, ಅವ್ವನಿಂದಲೋ? ಆಕೆಗೆ ಎಪ್ಪತ್ತರ ಹತ್ತಿರ. ನನಗೆ ನಲವತ್ತನಾಲ್ಕು.

೭ ಅಕ್ಟೋಬರ್

ಅಕ್ಷರ ಸೊಟ್ಟ. ಕೈ ನಡುಗುತ್ತದೆ. ನಡೆಯುವಾಗ ನೆಲ ಒಂದಿಷ್ಟು ಹಿಂದೆ ಬೀಳುತ್ತದೆ, ಅಥವಾ ನಾನು. ಮಾತಿನ ನಡುವೆ ಮಾತು... ಇವರು ಡಾಕ್ಟರ್ ಎನ್ನುತ್ತಾರೆ. ನೀಲಾ ಬಂದುಹೋಗಲಿ, ಬಾಣಂತನ ಮುಗಿಯಲಿ, ಆಮೇಲೆ.

ಔಷಧ ಬಿಟ್ಟುಬಿಟ್ಟರೆ? ಒಮ್ಮೆ ಬಿಟ್ಟಿದ್ದೆ. ಸ್ವಾತಂತ್ರ್ಯ ಬಂದ ವರ್ಷ. ಊರೆಲ್ಲ ಬಾವುಟ. ನನಗೂ ಈ ಬಾಟಲಿಯಿಂದ ಬಿಡುಗಡೆ ಎಂದುಕೊಂಡೆ. ಆಮೇಲಿನ ತಿಂಗಳುಗಳು ನನಗೆ ನೆನಪಿಲ್ಲ. ಬರೀ ಧಾರವಾಡದ ಆಸ್ಪತ್ರೆಯ ಒಂದು ಬೇವಿನ ಮರ ನೆನಪಿದೆ.

೨೧ ಅಕ್ಟೋಬರ್, ಭಾನುವಾರ

ಬರೆಯಲೇಬೇಕು.

ಹನ್ನೊಂದರ ಬಿಸಿಲು. ಬಾಗಿಲಲ್ಲಿ ಟಾಂಗಾ ನಿಂತಿತು. ತುಂಬಿದ ಹೊಟ್ಟೆಯ ಒಬ್ಬ ಹೆಣ್ಣುಮಗಳು ಕೈ ಊರಿ ಇಳಿದಳು. ಒಳ್ಳೆಯ ಮುಖ. ನಾನು ನೀರಿನ ತಂಬಿಗೆ ಹಿಡಿದು ಎದುರು ಹೋಗಿ ಕೇಳಿದೆ —

"ಬಾರವಾ. ಯಾರ ಪೈಕಿ?"

ಅವಳು ಚೇಷ್ಟೆಯೆಂದು ತಿಳಿದು ನಕ್ಕಳು. ಆಮೇಲೆ ನಗು ನಿಂತಿತು. "ಅವ್ವಾ?" ಎಂದಳು.

ಒಂದು ಕ್ಷಣವೇ ಇರಬಹುದು. ಆದರೆ ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಎಲ್ಲರೂ ಉಣ್ಣುತ್ತಿದ್ದಾಗ ಬಾಟಲಿ ತೆಗೆದುಕೊಂಡು ಬಚ್ಚಲಿಗೆ ಹೋದೆ. ಬೂಚು ತೆಗೆದಿದ್ದೆ. ನೀಲಾ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದಳು.

"ಚೆಲ್ಲಬ್ಯಾಡ."

"ಇದು ನನ್ನ ತಲಿ ತಿನ್ನಾಕ ಹತ್ತೈತಿ ನೀಲಾ. ನಾಳೆ ನಿನ್ನ ಕೂಸಿನ್ನ ಎತ್ತಿಕೊಂಡು ಇದ್ಯಾರದು ಅಂತ ಕೇಳ್ತೀನಿ."

"ಕೇಳು. ನಂದು ಅಂತ ಹೇಳ್ತೀನಿ. ದಿನಾ ಕೇಳು, ದಿನಾ ಹೇಳ್ತೀನಿ." ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಆ ವರ್ಷ ನೀ ಬಿಟ್ಟಾಗ ನಾ ಸಣ್ಣಾಕಿ. ನೀ ಬಾವಿಕಟ್ಟಿ ಮ್ಯಾಲೆ ಕುಂತು, ಇಲ್ಲದ ಕೂಸಿಗೆ ಹಾಲು ಕುಡಸ್ತಿದ್ದಿ. ನಿನಗ ನೆನಪಿಲ್ಲ. ನನಗೈತಿ."

ನನ್ನ ಗಂಡುಕೂಸು ಹೋಗಿ ಆಗಲೇ ಆರು ವರ್ಷವಾಗಿತ್ತು. ಅದು ಹೋದಾಗಲೇ ಈ ಕಾಯಿಲೆ ಶುರುವಾದದ್ದು.

ಬಾಟಲಿ ಅವಳ ಕೈಗೆ ಕೊಟ್ಟೆ.

೨೩ ಅಕ್ಟೋಬರ್, ಮಂಗಳವಾರ

ಇವರು ಕರೆದುಕೊಂಡು ಹೋದರು. ಔಷಧ ಬರೆದುಕೊಟ್ಟಿದ್ದ ಹಳೆಯ ಡಾಕ್ಟರ್ ತೀರಿಕೊಂಡಿದ್ದಾರೆ. ಈಗ ಡಾಕ್ಟರ್ ಅಂದಾನಪ್ಪ, ಪುಣೆಯಲ್ಲಿ ಕಲಿತ ಹುಡುಗ. ನಾಲಿಗೆ ನೋಡಿದ, ಕೈ ಚಾಚಿಸಿದ, ನಡೆಸಿದ.

"ಊಟ ಹೆಂಗ್ರಿ?"

"ಸಪ್ಪನ್ನ ಊಟ. ನಡೀತೈತಿ."

"ಸಪ್ಪನ್ನದು ಅಂದ್ರ?"

ಇವರು ನಡುವೆ ಬಾಯಿ ಹಾಕಿದರು. "ಉಪ್ಪು ಬಿಟ್ಟಾಳ್ರೀ. ಶ್ರಾವಣದಿಂದ. ಹರಕಿ."

ಡಾಕ್ಟರ್ ಪೆನ್ನು ಕೆಳಗಿಟ್ಟ. "ಬ್ರೋಮೈಡ್ ಕುಡಕೋತ ಉಪ್ಪು ಬಿಟ್ರೇನ್ರಿ ಅವ್ವಾರ? ಅವೆರಡೂ ಮೈಯಾಗ ಒಂದ ಖುರ್ಚಿಗೆ ಬಡಿದಾಡೂವಂಥವು. ಉಪ್ಪು ಉಂಡಷ್ಟೂ ಬ್ರೋಮೈಡ್ ಹೊರಗ ಹೋಗ್ತೈತಿ. ನೀವು ಉಪ್ಪು ಬಿಟ್ರಿ, ಅದು ಖುರ್ಚಿ ಹಿಡಕೊಂಡು ಕುಂತಬಿಡ್ತು."

ಈ ನಡುಕ, ಈ ಮರೆವು — ಬಹಳಷ್ಟು ಅದರಿಂದಲೇ ಅಂತೆ. ಉಪ್ಪು ಉಂಡರೆ ಇಳಿಯುತ್ತದಂತೆ.

"ಬಹಳಷ್ಟು ಅಂದ್ರಿ. ಉಳದದ್ದು?" ಎಂದೆ. ಅವ್ವನ ಕಥೆ ಹೇಳಿದೆ. "ಹದಿನೈದು ವರ್ಷ ಕುಡದೀನಿ. ಮುಂದ ನನಗೂ ಹಂಗ ಆಗ್ತೈತೇನು?"

ಅವನು ನನ್ನ ಮುಖ ನೋಡಿಯೇ ಹೇಳಿದ. "ನನಗ ಗೊತ್ತಿಲ್ರಿ."

ಬ್ರೋಮೈಡ್ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡೋಣ, ಒಮ್ಮೆಲೇ ಅಲ್ಲ ಎಂದ. ಮುಂಬಯಿಗೆ ಹೊಸ ಗುಳಿಗೆ ಬಂದಿದೆಯಂತೆ, ತರಿಸಬಹುದು.

"ಅದನ್ನ ಇಪ್ಪತ್ತು ವರ್ಷ ನುಂಗಿದ್ರ ಏನಾಗ್ತೈತಿ?"

"ಅದು ಹುಟ್ಟೇ ಮೂರ್ನಾಲ್ಕು ವರ್ಷ ಆಗೈತ್ರಿ. ಇಪ್ಪತ್ತು ವರ್ಷ ನುಂಗಿದವರು ಇನ್ನೂ ಯಾರೂ ಇಲ್ಲ."

ಹದಿನೈದು ವರ್ಷದಲ್ಲಿ ನನಗೆ ಗೊತ್ತಿಲ್ಲ ಎಂದ ಮೊದಲ ಡಾಕ್ಟರ್. ವಿಚಿತ್ರ — ಅದರಿಂದಲೇ ಅವನ ಮೇಲೆ ನಂಬಿಕೆ ಬಂತು.

೨೪ ಅಕ್ಟೋಬರ್. ಸಂಜೆ

ತಾಟಿನ ಮುಂದೆ ಕೂತೆ. ಉಪ್ಪು ಬಡಿಸಿತ್ತು. ಕೈ ಹೋಗಲಿಲ್ಲ.

ಉಂಡರೆ ಬುದ್ಧಿ ತಿಳಿಯಾಗುತ್ತದೆ. ಉಂಡ ಮೇಲೆ ನೀಲಾಳಿಗೆ ಏನಾದರೂ ಆದರೆ? ತಿಳಿಯಾದ ಬುದ್ಧಿಯಿಂದ ಅದನ್ನೇ ನೆನೆಯುತ್ತ ಬದುಕಬೇಕು. ಹರಕೆ ಮೂಢನಂಬಿಕೆ ಎಂದು ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಆದರೆ ಸಿಸ್ಟರಿಗೆ ಮಗಳಿರಲಿಲ್ಲ.

ಶಂಕ್ರೆವ್ವ ಎದುರು ಬಂದು ಕೂತಳು. ಅಂಗೈ ಚಾಚಿದಳು.

"ಕೊಡಿಲ್ಲಿ."

"ಏನು?"

"ನಿನ್ನ ಹರಕಿ. ಇನ್ನ ಮ್ಯಾಲೆ ನಾ ಬಿಡ್ತೀನಿ ಉಪ್ಪು. ಫಕೀರೇಶ್ವರಗ ಈ ಮನ್ಯಾಗ ಒಂದು ಸಪ್ಪನ್ನ ನಾಲಿಗಿ ಬೇಕು, ಹೌದಿಲ್ಲೋ? ಅದು ನಿಂದ ಆಗಬೇಕಂತ ಹಟಾ ಏನೈತಿ?"

"ಹಂಗ ದಾಟಸಾಕ ಬರ್ತೈತಿ?"

"ಬರ್ತೈತಿ. ನಮ್ಮತ್ತಿ ಜ್ವರ ಬಿದ್ದಾಗ ಆಕಿ ಸೋಮವಾರ ನಾ ಹಿಡದಿದ್ದೆ. ದೇವರೇನು ಪೊಲೀಸನೇನು, ಹೆಸರು ಬರಕೊಳ್ಳಾಕ?"

ನನ್ನ ತಾಟಿನ ಉಪ್ಪನ್ನು ಅವಳ ಕೈಗಿಟ್ಟು ಬಿಡಬೇಕಂತೆ. ಉಪ್ಪು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ಅವ್ವ ಕಲಿಸಿದ್ದಳು. ಹಾಗೆಂದೆ.

"ಕೊಡ ಮಾರಾಯ್ತಿ. ನಾವಿಬ್ಬರೂ ಆಡದ ಜಗಳ ಇನ್ನ ಯಾವುದು ಉಳದೈತಿ?"

ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮಾಡದಲ್ಲಿಟ್ಟು ಬಂದಳು. ತನ್ನ ಪಲ್ಯವನ್ನು ನನ್ನ ತಾಟಿಗೆ ಸುರಿದಳು. ತಿಂದೆ. ಬದನೆಕಾಯಿ, ಗುರೆಳ್ಳು, ಉಪ್ಪು. ಅಳು ಬಂತು, ಅದೂ ಉಪ್ಪೇ.

ಕೂಸಿಲ್ಲದವಳು. ನನ್ನ ಮಗಳ ಕೂಸಿಗಾಗಿ ಬರೀ ರೊಟ್ಟಿ ಅಗಿಯುತ್ತಿದ್ದಾಳೆ.

೧ ನವೆಂಬರ್, ಗುರುವಾರ

ನರಕ ಚತುರ್ದಶಿ. ನಸುಕಿನಲ್ಲೇ ಎಣ್ಣೆನೀರು. ಇವರಿಗೆ ಆರತಿ ಎತ್ತಿದೆ. ಹೊರಗೆ ಪಟಾಕಿ ಹಬ್ಬಕ್ಕೋ ಹೊಸ ರಾಜ್ಯಕ್ಕೋ ತಿಳಿಯದು. ಇವರಿಗೆ ಎರಡು ಹಬ್ಬ. ಕನ್ನಡ ನಾಡು ಒಂದಾಗಬೇಕೆಂದು ಎಷ್ಟು ಸಭೆ, ಎಷ್ಟು ಓಡಾಟ.

"ಹುಟ್ಟಿದ್ದು ಮಿರಜ ಸಂಸ್ಥಾನ, ಬಾಳೇವು ಮುಂಬೈ ರಾಜ್ಯ, ಇವತ್ತಿಂದ ಮೈಸೂರು," ಎಂದು ನಗಾಡಿದರು. "ಒಂದ ಗಾಡಿ ಹಾದ್ಯಾಗ ಮೂರು ರಾಜ್ಯ ಕಂಡಿ ನೀ."

ಗಾಡಿ ಎಂದೊಡನೆ ಎಲ್ಲ ಬಂತು. ಲಕ್ಷ್ಮೇಶ್ವರ ದಾಟಿದರೆ ಸಂಸ್ಥಾನದ ಸುಂಕದ ನಾಕಾ. ಸಿಪಾಯಿ ಕೋಲಿನಿಂದ ಗಂಟು ತಿವಿಯುತ್ತಿದ್ದ. ಅವ್ವ ಬುತ್ತಿಯ ಒಂದು ರೊಟ್ಟಿಗೆ ಚಟ್ನಿ ಹಚ್ಚಿ ಅವನ ಕೈಗಿಡುತ್ತಿದ್ದಳು. ಇಲ್ಲಿಂದ ಇಂಗ್ಲಿಷರ ಸೀಮೆ ಎನ್ನುತ್ತಿದ್ದ ಅಪ್ಪ. ಮಣ್ಣಿನ ಬಣ್ಣ ಬದಲಾಗುತ್ತದೆಯೇ ಎಂದು ನಾನು ಗಾಡಿಯಿಂದ ಬಗ್ಗಿ ನೋಡುತ್ತಿದ್ದೆ. ಆಚೆಗೂ ಅದೇ ಕರಿ ಎರೆಮಣ್ಣು. ಅದೇ ಜೋಳ. ಎಷ್ಟು ನಿರಾಸೆಯಾಗುತ್ತಿತ್ತು!

ತಲೆಗೆ ನೀರು ಹಾಕಿಕೊಳ್ಳುವಾಗ, ಯಾವ ಕಾರಣವೂ ಇಲ್ಲದೆ — ಹೆಬಸೂರ.

ಹೆಬಸೂರ! ಒದ್ದೆ ಕೂದಲಲ್ಲೇ ಬಂದು ಬರೆಯುತ್ತಿದ್ದೇನೆ. ಶಿಶ್ವಿನಹಳ್ಳಿ, ಹೆಬಸೂರ, ಕುಸುಗಲ್. ಅಪ್ಪ ಪೇರಲ ಹಿಡಿದು ಓಡಿ ಬಂದ. ಹತ್ತಿದ.

ಒಂದು ಸ್ಟೇಷನ್ ಮರಳಿ ಬಂದರೆ ದಾರಿಯೆಲ್ಲ ಉಳಿದಂತೆಯೇ? ಗೊತ್ತಿಲ್ಲ. ಡಾಕ್ಟರನ ಮಾತು ಕಲಿತೆ. ಗೊತ್ತಿಲ್ಲ.

ಡೋಸ್ ಕುಡಿದೆ. ಗುರುತು ಮುಟ್ಟುವ ಮೊದಲೇ ನಿಲ್ಲಿಸಿದೆ, ಸ್ವಲ್ಪ ಕಡಿಮೆ.

೧೮ ನವೆಂಬರ್, ಭಾನುವಾರ. ಗೌರಿ ಹುಣ್ಣಿಮೆ

ಇವತ್ತು ಮುಂಜಾನೆ. ಹೆಣ್ಣು. ಇಬ್ಬರೂ ಕ್ಷೇಮ. ಓಣಿಯ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಬಾಗಿಲಿಗೆ ಬಂದರೆ, ಒಳಗಿಂದ ಅಳು.

ಮೊದಲು ಮಾಡಿದ್ದು — ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಹೋಗಿ ಶಂಕ್ರೆವ್ವನ ಬಾಯಿಗೆ ಹಾಕಿದ್ದು. ಕಣ್ಣು ಮುಚ್ಚಿ ಚೀಪಿದಳು.

"ನೀ ಎರಡು ತಿಂಗಳ ಮ್ಯಾಲೆ ಕಾದಿ, ನಾ ತಿಂಗಳೊಳಗ ಕೂಸು ತರಿಸಿದೆ. ದೇವರು ಯಾರ ಮಾತು ಕೇಳ್ತಾನ ನೋಡು!"

ನೀಲಾ ಮಲಗಿದಲ್ಲಿಂದಲೇ ಕೂಸನ್ನು ನನ್ನ ಮಡಿಲಿಗೆ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ "ನಂದು ಅವ್ವಾ" ಎಂದು ನಕ್ಕಳು. ನನಗೆ ಗೊತ್ತಿತ್ತು. ಆದರೂ ಅವಳು ಹೇಳಿದ್ದು ಹಿತವಾಯಿತು.

ಈಗಲೇ ಬರೆದಿಡಬೇಕು, ಮುಂದೆಂದಾದರೂ ಬೇಕಾದೀತು. ಹಣೆ ಅಗಲ — ನಮ್ಮವ್ವನದು. ಮೂಗು ಇನ್ನೂ ಯಾರದೂ ಅಲ್ಲ. ಎಡ ಕಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ. ಮುಷ್ಟಿಯಲ್ಲಿ ನನ್ನ ಬೆರಳು ಹಿಡಿದರೆ ಬಿಡುವುದಿಲ್ಲ. ಕಣ್ಣು ಒಮ್ಮೆ ಮಾತ್ರ ತೆರೆಯಿತು, ಆಗ ನನ್ನನ್ನು ನೋಡಿದ ರೀತಿ —

ಅಳುತ್ತಿದೆ. ನೀಲಾಳಿಗೆ ಈಗಷ್ಟೇ ನಿದ್ದೆ ಹತ್ತಿದೆ. ಉಳಿದದ್ದು ಆಮೇ