ಹದಿನಾರನೇ ಸಾಲಿನ ಸೇವಂತಿಗೆ

ಬಿಳಿಹೊಳೆ
ಕ್ರಿ.ಶ. ೨೨೪೭, ಆಶ್ವಯುಜದ ಮೂವತ್ತೇಳನೇ ದಿನ

ಏಳು ತಲೆಮಾರಿನ ಹಿಂದಿನ ನಮ್ಮ ಅಜ್ಜಿ ನಾಗವೇಣಮ್ಮನವರಿಗೆ ಕದಿರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಯಾವ ತಿಂಗಳಿಗೂ ಮೂವತ್ತೇಳನೇ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮೂರಿನಲ್ಲಿ ಆಶ್ವಯುಜಕ್ಕೆ ನಲವತ್ತೈದು ದಿನ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ, ಹೇಳುವುದಕ್ಕೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನೂರೈವತ್ತು ವರ್ಷ ಹಿಮದಲ್ಲಿ ಬದುಕಿದ ಕನ್ನಡ ಇದು, ಇದಕ್ಕೂ ಅಲ್ಲಲ್ಲಿ ಮೈ ಬಿರಿದಿದೆ. ಇನ್ನೊಂದು ಮುಜುಗರವೂ ಇದೆ. ನಮ್ಮ ಮನೆಯ ಗೋಡೆಯ ಮೇಲಿರುವ ಫೋಟೋದಲ್ಲಿ ನಿಮಗೆ ಮೂವತ್ತೈದು ದಾಟಿದಂತಿಲ್ಲ. ನನಗೆ ಐವತ್ತೆರಡು. ಮಗಳ ವಯಸ್ಸಿನವರನ್ನು ಅಜ್ಜಿ ಎಂದು ಕರೆಯಬೇಕಾಗಿದೆ. ಏನು ಮಾಡುವುದು, ಅಜ್ಜಿ ಅಜ್ಜಿಯೇ.

ಬಿಳಿಹೊಳೆ ಎಂಬ ಈ ಊರು, ನೀವು ಸೈಬೀರಿಯಾ ಎನ್ನುತ್ತಿದ್ದ ಸೀಮೆಯಲ್ಲಿ ಒಂದು ದೊಡ್ಡ ನದಿಯ ದಂಡೆಯ ಮೇಲಿದೆ. ನಿಮ್ಮ ಮರಿಮಕ್ಕಳ ಕಾಲದಲ್ಲಿ ದಕ್ಷಿಣದ ಬೇಸಿಗೆ ತಡೆಯಲಾಗದಷ್ಟು ಬೆಳೆದಾಗ, ಚಿಕ್ಕಬಳ್ಳಾಪುರದ ಕಡೆಯ ಅರವತ್ತು ಮನೆಯವರು ಒಟ್ಟಾಗಿ ಹೊರಟು ಬಂದರಂತೆ. ನಮ್ಮ ಮನೆಯವರು ತಂದದ್ದು ಎರಡೇ ವಸ್ತು: ಒದ್ದೆ ಬಟ್ಟೆಯಲ್ಲಿ ಸುತ್ತಿದ ನಿಮ್ಮ ಹೊಲದ ಹಳದಿ ಸೇವಂತಿಗೆಯ ಬೇರು, ಮತ್ತು ಗಾಜು ಹಾಕಿಸಿದ ನಿಮ್ಮ ಫೋಟೋ. ಇಲ್ಲಿ ಪ್ರತಿ ಮನೆಗೂ ಒಂದರ ಹಿಂದೆ ಒಂದರಂತೆ ಎರಡು ತಲೆಬಾಗಿಲು. ಆ ಎರಡರ ನಡುವಿನ ಕತ್ತಲೆಯ ಗೂಡಿಗೆ ನಡುಬಾಗಿಲು ಎನ್ನುತ್ತೇವೆ. ಬಂದವರು ಅಲ್ಲಿ ನಿಂತು ಹಿಮ ಕೊಡವಿಕೊಂಡು, ಒಳಗಿನವರ ಬಗ್ಗೆ ಆಡುವುದನ್ನೆಲ್ಲ ಆಡಿ ಮುಗಿಸಿ ಒಳಗೆ ಬರುತ್ತಾರೆ. ಮುದ್ದೆಯನ್ನು ಬಿಟ್ಟಿಲ್ಲ, ಆದರೆ ಅದು ಇಲ್ಲಿ ಬೆಳೆಯುವ ಬೇರೊಂದು ಕಪ್ಪು ಕಾಳಿನ ಹಿಟ್ಟಿನದು. ಸಾರಿಗೆ ಕೊರತೆಯಿಲ್ಲ, ಖಾರಕ್ಕೆ ಮಾತ್ರ ಇದೆ.

ನಮ್ಮ ಊರಿನ ಜೀವವೆಲ್ಲ ಇರುವುದು ಮರುಬೇರಿನ ತೋಟದಲ್ಲಿ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗ ಸತ್ತು, ಹಿಮದಡಿ ಬೇರು ಉಳಿದು, ವಸಂತದಲ್ಲಿ ಮತ್ತೆ ಚಿಗುರುವ ಗಿಡಕ್ಕೆ ನಾವು ಮರುಬೇರು ಎನ್ನುತ್ತೇವೆ. ವರ್ಷಕ್ಕೊಮ್ಮೆ ಬಿತ್ತುವ ಗಿಡಗಳನ್ನು ನಂಬಿ ಇಲ್ಲಿ ತೋಟ ಮಾಡಲಾಗುವುದಿಲ್ಲ, ಬೇಸಿಗೆ ಅಷ್ಟು ಗಿಡ್ಡ. ಆದ್ದರಿಂದ ಊರಿಗೆ ಊರೇ ಹೊಸ ಮರುಬೇರಿನ ತಳಿಗಳನ್ನು ಹುಟ್ಟಿಸುವುದರಲ್ಲಿ ಮುಳುಗಿದೆ. ಹೊಸ ತಳಿಗೆ ನಾವು ಹುಟ್ಟಿದ ಕೂಡಲೇ ಹೆಸರಿಡುವುದಿಲ್ಲ. ಅದಕ್ಕೆ ಒಂದು ಸಾಲು ಕೊಟ್ಟು, ಆ ಸಾಲಿನ ಸಂಖ್ಯೆಯಿಂದಲೇ ಕರೆಯುತ್ತೇವೆ. ಏಳನೇ ಹಿಮ ಬೀಳುವುದರೊಳಗೆ ಅದು ಒಮ್ಮೆಯಾದರೂ ಬಯಲಿನಲ್ಲಿ ಹೂ ಬಿಡಬೇಕು. ಬಿಟ್ಟರೆ ಹೆಸರು, ಇಲ್ಲದಿದ್ದರೆ ಬೇರು ಕಿತ್ತು ಸಾಲನ್ನು ಬೇರೆಯವರಿಗೆ ಕೊಡುತ್ತಾರೆ. ಈ ಕಟ್ಟುನಿಟ್ಟಿನ ನಿಯಮವನ್ನು ಬರೆದವಳು ಬೇರೆ ಯಾರೂ ಅಲ್ಲ, ನನ್ನ ತಾಯಿ ಆವಲಮ್ಮ.

ಇನ್ನು ಆಶ್ವಯುಜದ ಕಥೆ. ನಮ್ಮವರು ಬಂದ ಮೊದಲ ವರ್ಷ ಆಯುಧಪೂಜೆಗೆ ನಿಮ್ಮ ಸೇವಂತಿಗೆಯ ಹೂವನ್ನೇ ಏರಿಸಬೇಕೆಂದು ಹರಕೆ ಹೊತ್ತಿದ್ದರಂತೆ. ಗಿಡ ಎದೆಯೆತ್ತರ ಬೆಳೆಯಿತು, ಮೊಗ್ಗು ಮಾತ್ರ ಬರಲಿಲ್ಲ. ಹೂ ಬರುವ ತನಕ ತಿಂಗಳು ಮುಗಿಯಬಾರದು ಎಂದು ಆಗಿನ ಹಿರಿಯರು ತೀರ್ಮಾನ ಮಾಡಿದರು. ಹದಿನೈದು ದಿನ ಕಾದರು. ಹಿಮವೇ ಬಂತು. ಕೊನೆಗೆ ಉಣ್ಣೆಯ ದಾರದಲ್ಲಿ ಹೂ ಹೆಣೆದು ಗುದ್ದಲಿಗೂ ಹಿಮದ ಮೇಲೆ ಎಳೆಯುವ ಜಾರುಬಂಡಿಗೂ ಹಾರ ಹಾಕಿದರು. ಅಂದಿನಿಂದ ಪ್ರತಿವರ್ಷವೂ ಆ ಹದಿನೈದು ದಿನ ಕಾಯುವುದು, ನಲವತ್ತೈದನೇ ದಿನ ಹಿಮದ ಮೇಲೆ ಹಲಗೆ ಹಾಸಿ ಉಣ್ಣೆಯ ಹಾರದಲ್ಲೇ ಪೂಜೆ ಮುಗಿಸುವುದು ನಡೆದು ಬಂತು. ನಮ್ಮ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನ ಉಣ್ಣೆ ಸೇವಂತಿಗೆಗಳಿವೆ, ಅರ್ಧಕ್ಕರ್ಧ ನುಸಿ ತಿಂದಿವೆ.

ಈಗ ನಿಮ್ಮ ಫೋಟೋದ ವಿಷಯಕ್ಕೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಅದರಲ್ಲಿ ನೀವು ಸಂಜೆಯ ಹೊತ್ತು ಸೇವಂತಿಗೆ ಹೊಲದ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೀರಿ. ನಿಮ್ಮ ತಲೆಯ ಮೇಲೆ, ಹೊಲದ ಉದ್ದಕ್ಕೂ, ತಂತಿಯಲ್ಲಿ ಸಾಲಾಗಿ ಬಲ್ಬುಗಳು ಉರಿಯುತ್ತಿವೆ. ಹೊಲವೆಲ್ಲ ಬೆಳಗುತ್ತಿದೆ. ಅಂಥ ಚಿತ್ರವನ್ನು ದಿನಾ ನೋಡುತ್ತಾ ಬೆಳೆದವರು ಏನೆಂದುಕೊಳ್ಳಬೇಕು ಹೇಳಿ? ಸೇವಂತಿಗೆಗೆ ರಾತ್ರಿಯಿಡೀ ದೀಪ ಇಡಬೇಕು, ಅಜ್ಜಿ ಹಾಗೆಯೇ ಬೆಳೆಯುತ್ತಿದ್ದಳು ಎಂದುಕೊಂಡರು. ವಿಷಯ ಗೊತ್ತಿದ್ದವರು ಇಲ್ಲಿಗೆ ಬಂದಿರಲಿಲ್ಲ, ಬಂದವರಿಗೆ ಗೊತ್ತಿರಲಿಲ್ಲ. ಹೀಗೆ ಬಂದ ಮೊದಲ ವರ್ಷವೇ ದೀಪಸೇವೆ ಎಂಬ ಪದ್ಧತಿ ಹುಟ್ಟಿತು. ಪ್ರತಿ ಸಾಲಿಗೂ ಒಂದು ಕಂಬ, ಒಂದು ಲಾಟೀನು, ಅದನ್ನು ಸಂಜೆ ಹಚ್ಚಿ ಬೆಳಿಗ್ಗೆ ಆರಿಸುವ ಒಂದು ಮನೆ. ಬೇರೆ ಕೆಲವು ಗಿಡಗಳು ದೀಪಕ್ಕೆ ಹಿಗ್ಗಿ ಬೇಗ ಹೂ ಬಿಟ್ಟದ್ದರಿಂದ ನಂಬಿಕೆ ಇನ್ನೂ ಗಟ್ಟಿಯಾಯಿತು. ಸೇವಂತಿಗೆ ಮಾತ್ರ ಎಲೆ ಬಿಡುತ್ತಾ ಹೋಯಿತು. ನಡುಬಾಗಿಲಿನಲ್ಲಿ ಮರೆತಿಟ್ಟ ಕುಂಡದಲ್ಲಿ ಚಳಿಗಾಲಕ್ಕೆ ಎರಡೋ ಮೂರೋ ಬಡಕಲು ಹೂ ಅರಳುತ್ತಿತ್ತು. ಗಾಳಿ ಬೀಸದ ಜಾಗ, ಅದಕ್ಕೇ ಅರಳಿತು ಎಂದುಕೊಂಡೆವು. ಕಣ್ಣೆದುರಿಗೆ ಇಟ್ಟು ಹೇಳಿದರೂ ತಿಳಿಯದ ಜನ ನಾವು.

ನನ್ನ ತಾಯಿ ತನ್ನ ನಲವತ್ತು ವರ್ಷಗಳನ್ನು ಈ ಒಂದು ಗಿಡಕ್ಕೆ ಸುರಿದಳು. ಹೊಳೆದಂಡೆಯಲ್ಲಿ ಚಳಿಗೆ ಜಗ್ಗದ ಒಂದು ಕಾಡು ಸೇವಂತಿಗೆ ಇದೆ, ಬಿಳಿಯ ಎಸಳಿನದು. ಅದರ ಪರಾಗವನ್ನು ಬೇಸಿಗೆಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟು, ಚಳಿಗಾಲದಲ್ಲಿ ನಡುಬಾಗಿಲಿನ ಹಳದಿ ಹೂವಿಗೆ ಕೋಳಿಪುಕ್ಕದಿಂದ ಸವರಿ ಬೀಜ ಕಟ್ಟಿಸುತ್ತಿದ್ದಳು. ಹುಟ್ಟಿದ ಸಸಿಗಳಲ್ಲಿ ಹೆಚ್ಚಿನವು ಮೊದಲ ಹಿಮಕ್ಕೇ ಹೋದವು. ಉಳಿದವು ಹೂ ಕಾಣದೆ ಏಳನೇ ವರ್ಷಕ್ಕೆ ಹೋದವು, ಪ್ರತಿ ಸಲವೂ ಅವಳೇ ಎದ್ದುಹೋಗಿ ತನ್ನ ಕೈಯಾರೆ ಕಿತ್ತಳು. ಈಗ ಉಳಿದಿದ್ದದ್ದು ಹದಿನಾರನೇ ಸಾಲು ಒಂದೇ. ಆರು ಹಿಮ ದಾಟಿತ್ತು, ಈ ವರ್ಷ ಬೀಳುವುದು ಏಳನೆಯದು. ಅಮ್ಮನಿಗೆ ಎಂಬತ್ತೊಂದು. ಇದು ಹೋದರೆ ಇನ್ನೊಂದನ್ನು ಬೆಳೆಸಿ ನೋಡುವ ಆಯಸ್ಸು ಅವಳಿಗಿಲ್ಲ. ತೋಟದ ಹಿರಿಯ ಬಚ್ಚಪ್ಪನವರನ್ನು ಒಂದು ವರ್ಷ ಹೆಚ್ಚಿಗೆ ಕೊಡಿ ಎಂದು ಕೇಳಿಕೊಂಡೆ. ಅವರು ತಲೆ ತಗ್ಗಿಸಿ, “ನಿಯಮ ಬರ್ದೋಳು ನಿಮ್ಮಮ್ಮನೇ ಕಣಮ್ಮ. ನಾನು ಬಿಟ್ರೂ ಆಯಮ್ಮ ಬಿಡಲ್ಲ” ಎಂದರು. ಅದು ನಿಜವೇ ಆಗಿತ್ತು.

ಶ್ರಾವಣದ ಮೊದಲ ವಾರದಲ್ಲಿ ಅಮ್ಮ ನಡುಬಾಗಿಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನೋವಿಗೆ ನಿದ್ದೆ ಬರುತ್ತಿರಲಿಲ್ಲ, ಕತ್ತಲಾದರೆ ಹೆದರುತ್ತಿದ್ದಳು. ಮನೆಯ ಲಾಟೀನು ಅವಳ ಜೊತೆಗೇ ಬಿದ್ದು ಒಡೆದಿತ್ತು, ಹೊಸದು ಬರಬೇಕಾದರೆ ಹೊಳೆ ಹೆಪ್ಪುಗಟ್ಟಿ ಬಂಡಿ ಬರಬೇಕು. ನಾನು ಯಾರಿಗೂ ಹೇಳದೆ ಹದಿನಾರನೇ ಸಾಲಿನ ಲಾಟೀನನ್ನು ಬಿಚ್ಚಿ ತಂದು ಅವಳ ತಲೆದೆಸೆಗೆ ತೂಗುಹಾಕಿದೆ. ಎರಡು ದಿನಕ್ಕೆಂದು ತಂದದ್ದು. ಎರಡು ದಿನ ಎರಡು ತಿಂಗಳಾಯಿತು. ಅಮ್ಮ ದಿನವೂ ಕೇಳುತ್ತಿದ್ದಳು, “ಸಾಲಿಗೆ ದೀಪ ಹಚ್ಚಿದ್ಯೇನೇ?” ನಾನು ದಿನವೂ ಹೇಳುತ್ತಿದ್ದೆ, “ಹಚ್ಚಿದೀನಮ್ಮ.” ಅದೇ ಲಾಟೀನಿನ ಕೆಳಗೆ ಮಲಗಿ ಅವಳು ಕೇಳುವುದು, ಅದರ ಬೆಳಕಿನಲ್ಲೇ ಅವಳ ಮುಖ ನೋಡುತ್ತಾ ನಾನು ಸುಳ್ಳು ಹೇಳುವುದು. ನನ್ನ ಮುದ್ದೆ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವಳ ಜೀವಮಾನದ ಗಿಡವನ್ನು ನನ್ನ ಕೈಯಾರೆ ಕೊಂದೆ ಎಂದೇ ನಂಬಿದ್ದೆ. ಆ ಸಾಲಿನ ಕಡೆ ಹೋಗುವುದನ್ನೇ ಬಿಟ್ಟೆ.

ಭಾದ್ರಪದದ ಕೊನೆಯಲ್ಲಿ, ಮಾರನೇ ದಿನ ತೋಟದ ಸಭೆ ಸಾಲು ನೋಡಲು ಬರುತ್ತದೆಂದು ಹೇಳಿ ಕಳಿಸಿದರು. ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಹೊರಟೆ. ಗಿಡದ ಮುಂದೆ ನಿಂತು ತಪ್ಪು ಒಪ್ಪಿಕೊಂಡು, ಆಮೇಲೆ ಅಮ್ಮನಿಗೂ ಹೇಳಿಬಿಡುವುದು ಎಂದುಕೊಂಡಿದ್ದೆ. ಗಿಡ ಈ ವರ್ಷ ಎದೆಯೆತ್ತರ ಬೆಳೆದಿರಲಿಲ್ಲ, ಮೊಳಕಾಲುದ್ದಕ್ಕೇ ನಿಂತಿತ್ತು. ಸೊರಗಿದೆ ಎಂದುಕೊಂಡು ಬಗ್ಗಿ ತುದಿಯನ್ನು ಮುಟ್ಟಿದೆ. ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಹೆಸರುಕಾಳಿನಷ್ಟು ದಪ್ಪದ ಮೊಗ್ಗು. ಅದರ ಪಕ್ಕದಲ್ಲಿ ಇನ್ನೊಂದು. ಎಲ್ಲ ಕೊಂಬೆಯ ತುದಿಯಲ್ಲೂ ಮೊಗ್ಗು. ಒಣ ಎಲೆಗಳ ಮೇಲೆ ಅಲ್ಲೇ ಕುಳಿತು ಜೋರಾಗಿ ಅತ್ತೆ. ಪಕ್ಕದ ಸಾಲಿನವರು ಅಮ್ಮ ತೀರಿಕೊಂಡಳೆಂದು ತಿಳಿದು ಓಡಿ ಬಂದರು.

ಯಾಕೆ ಹೀಗಾಯಿತೆಂದು ಯಾರಿಗೂ ತಿಳಿಯಲಿಲ್ಲ. ಸಾಲಿನ ಕಂಬದಲ್ಲಿ ಲಾಟೀನು ಇಲ್ಲದ್ದನ್ನು ಕಂಡ ಬಚ್ಚಪ್ಪನವರು ನಮ್ಮ ಮನೆಗೆ ಬಂದು ನಿಮ್ಮ ಫೋಟೋದ ಬಲ್ಬುಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಇಳಿಸಿ, ಹಿಂದಿನ ರಟ್ಟಿನ ಮೊಳೆಗಳನ್ನು ಒಂದೊಂದಾಗಿ ಬಿಚ್ಚಿದರು. ನೂರೈವತ್ತು ವರ್ಷದಲ್ಲಿ ಅದನ್ನು ಬಿಚ್ಚಿದವರಿರಲಿಲ್ಲ, ಒರೆಸಿದವರು ಬೇಕಾದಷ್ಟು ಜನ. ಫೋಟೋದ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ನಿಮ್ಮ ಅಕ್ಷರ ಇತ್ತು: “ನಾಟಿ ಹಾಕಿ ಒಂದು ತಿಂಗಳು ಬಲ್ಬು. ಗಿಡ ಎದ್ದ ಮೇಲೆ ಆರಿಸ್ಬೇಕು. ಆರಿಸ್ದೆ ಇದ್ರೆ ಬರೀ ಎಲೆ, ಮೊಗ್ಗು ಬರಲ್ಲ. ಅದಕ್ಕೆ ಕತ್ತಲು ಬೇಕು.” ಬಚ್ಚಪ್ಪನವರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ಓದಿದರು.

ಅವರು ಹೋದ ಮೇಲೆ ಅಮ್ಮನ ಕಾಲ ಬಳಿ ಕುಳಿತು ಎಲ್ಲ ಹೇಳಿದೆ. ಲಾಟೀನಿನ ವಿಷಯ, ದಿನದಿನದ ಸುಳ್ಳು, ಎಲ್ಲವನ್ನೂ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. “ನಲವತ್ತು ವರ್ಷ ಹಿಡಿದ ಲಾಟೀನು ಕಣೇ. ಅದರ ಹಿಡಿ ಕಿರ್ರ್ ಅನ್ನೋದು ನನಗೆ ಗೊತ್ತಾಗಲ್ವಾ? ತಂದ ದಿನಾನೇ ಗೊತ್ತಾಯ್ತು. ವಾಪಸ್ ಇಟ್ಟು ಬಾ ಅನ್ನೋಕೆ ಬಾಯಿ ಬರ್ಲಿಲ್ಲ. ನೋವು ತಡಿಯಕ್ಕಾಗ್ತಿರ್ಲಿಲ್ಲ. ಗಿಡಾನ ಬಿಟ್ಟು ಬೆಳಕು ನಾನ್ ಇಟ್ಕೊಂಡೆ, ನೀನಲ್ಲ” ಎಂದಳು. ಹಾಗಾದರೆ ದಿನವೂ ಯಾಕೆ ಕೇಳುತ್ತಿದ್ದೆ ಎಂದೆ. “ನೀನು ಹಚ್ಚಿಲ್ಲ ಅಂದಿದ್ರೆ ನಾನು ಲಾಟೀನು ವಾಪಸ್ ಕಳಿಸ್ಬೇಕಾಗ್ತಿತ್ತಲ್ಲೇ” ಎಂದು ನಕ್ಕಳು. ಎರಡು ತಿಂಗಳಿಂದ ನನ್ನ ಎದೆಯ ಮೇಲೆ ಕೂತಿದ್ದ ಭಾರ ಅಂದು ಇಳಿಯಿತು. ಅವಳದೂ ಇಳಿದಿರಬೇಕು, ಅಂದು ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಆಶ್ವಯುಜದ ಇಪ್ಪತ್ತೊಂದನೇ ದಿನ ಹೂ ಅರಳಿತು. ಹೊರಗಿನ ಎಸಳು ಬಿಳಿ, ನಡುವೆ ನಿಮ್ಮ ಹಳದಿ. ಇಬ್ಬನಿ ಹೆಪ್ಪುಗಟ್ಟಿದರೂ ತಲೆ ಬಗ್ಗಿಸಲಿಲ್ಲ. ಮಾರನೇ ದಿನವೇ ಆಯುಧಪೂಜೆ ಮಾಡಿದೆವು. ಅಮ್ಮನನ್ನು ಜಾರುಬಂಡಿಯಲ್ಲಿ ಕೂರಿಸಿ, ಬರಿ ನೆಲದ ಮೇಲೆಯೇ ಎಳೆದುಕೊಂಡು ಹೋದೆವು. ನೂರೈವತ್ತು ವರ್ಷದಲ್ಲಿ ಮೊದಲ ಸಲ ಗುದ್ದಲಿಗೆ ನಿಜವಾದ ಹೂವಿನ ಹಾರ ಬಿತ್ತು. ತಳಿಗೆ ಆವಲಮ್ಮನ ಹೆಸರಿಡಬೇಕೆಂದು ಸಭೆ ಹೇಳಿತು, ಅವಳು ಒಪ್ಪಲಿಲ್ಲ. “ನಾನು ಅದು ಅರಳದ ಹಾಗೆ ಕಾದೋಳು. ತಿಳಿದೋಳ ಹೆಸರಿಡ್ರಪ್ಪ” ಎಂದಳು. ಹೀಗಾಗಿ ತೋಟದ ಪಟ್ಟಿಯಲ್ಲಿ ಅದು ಈಗ ನಾಗವೇಣಿ. ಊರವರ ಬಾಯಲ್ಲಿ ಮಾತ್ರ ಇನ್ನೂ ಹದಿನಾರನೇ ಸಾಲೇ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಹೊಸ ತಳಿಗೆ ಹೆಸರಿಟ್ಟಾಗ ಅದರ ಮೂಲದವರಿಗೆ ಒಂದು ಕಾಗದ ಬರೆದು, ನೆಲ ಗಟ್ಟಿಯಾಗುವ ಮೊದಲು ಬೇರಿನ ಪಕ್ಕದಲ್ಲಿ ಹೂಳುವುದು ನಮ್ಮ ಪದ್ಧತಿ. ಬೇರಿನ ಕಾಗದ ಎನ್ನುತ್ತೇವೆ. ತಲುಪುತ್ತದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ವಾರದ ಹಿಂದೆ ಹಿಮ ಬಿದ್ದಿದೆ, ಹುಲ್ಲಿನ ಹೊದಿಕೆಯ ಕೆಳಗೆ ಮಣ್ಣು ಇನ್ನೂ ಮೆತ್ತಗಿದೆ. ನಾಳೆ ಬೆಳಿಗ್ಗೆ ಹೋಗಿ ಇದನ್ನು ಹೂಳುತ್ತೇನೆ. ಮುಂದಿನ ವರ್ಷದಿಂದ ಆಶ್ವಯುಜಕ್ಕೆ ಮೂವತ್ತೇ ದಿನವೆಂದು ನಿನ್ನೆ ಸಭೆ ತೀರ್ಮಾನಿಸಿದೆ. ಕಾಯುವುದು ಮುಗಿಯಿತಲ್ಲ. ಆದ್ದರಿಂದ ಈ ಕಾಗದದ ಮೇಲಿರುವಂಥ ತಾರೀಕನ್ನು ಇನ್ನು ಯಾರೂ ಬರೆಯುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಈ ಕಾಗದ ನಿಮ್ಮನ್ನು ಆ ಫೋಟೋಗಿಂತ ಮೊದಲೇ ಮುಟ್ಟಿದರೆ ಕೇಳಿ: ಫೋಟೋ ತೆಗೆಯುವವನು ಮುಂದೆ ಎಂದೋ ನಿಮ್ಮ ಹೊಲಕ್ಕೆ ಬರುತ್ತಾನೆ, ಬಲ್ಬು ಹಾಕಿದ ದಿನವೇ ಬರುತ್ತಾನೆ. ಚಿತ್ರ ಕೈಗೆ ಬಂದಾಗ ಬರೆಯುವುದನ್ನು ಬೆನ್ನ ಮೇಲೆ ಬರೆಯಬೇಡಿ, ಮುಂದೆಯೇ, ನಿಮ್ಮ ಸೀರೆಯ ಮೇಲಾದರೂ ಸರಿ, ದೊಡ್ಡದಾಗಿ ಬರೆಯಿರಿ ಎಂದು ಕೇಳಬೇಕೆಂದಿದ್ದೆ. ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಕೈಯಾಡಿಸಿ ಬೇಡವೆಂದಳು. “ಆಯಮ್ಮ ಬರೆದಿದ್ದು ಸರಿಯಾಗೇ ಇದೆ. ತಿರುಗ್ಸಿ ನೋಡದೇ ಇದ್ದಿದ್ದು ನಾವು” ಎಂದಳು. ಹಾಗಾಗಿ ಬೇಡಿಕೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ನೀವು ಬರೆಯುವಂತೆಯೇ ಬರೆಯಿರಿ.

ಅಮ್ಮನಿಗೆ ಈಗ ನೋವು ಕಡಿಮೆಯಾಗಿದೆ. ಈಚೆಗೆ ಸಂಜೆಯಾದರೆ ಲಾಟೀನು ಆರಿಸು ಎಂದು ಅವಳೇ ಹೇಳುತ್ತಾಳೆ. ಆರಿಸುತ್ತೇನೆ. ಇಬ್ಬರಿಗೂ ಒಳ್ಳೆಯ ನಿದ್ದೆ ಬರುತ್ತದೆ.

ಇಂತಿ ನಿಮ್ಮ ಬೇರಿನ,
ಆವಲಮ್ಮನ ಮಗಳು ಕದಿರಮ್ಮ