ಎರಡು ಸಲ ಬಂದ ಸಾಕ್ಷಿ

ಮಾರ್ಚ್ ೧೧

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದಿದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ, ಧೈರ್ಯ ಬರಲಿಲ್ಲ ಅಷ್ಟೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಗೊಣಗಾಟ ಹಾಗೇ ಇದೆ.

ಶಾಲೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ನಿನ್ನ ಪ್ರಯೋಗಾಲಯದಲ್ಲಿ ಕೂರಿಸಿ, ಹಳೇ ಪ್ರಯೋಗಗಳ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಲು ಹೇಳಿದೆಯಲ್ಲ, ಆ ಕೆಲಸದಲ್ಲೇ ತಪ್ಪು ಮಾಡಿದ್ದೇನೆ. ಪ್ರೋಟಾನಿಗೆ ಗುದ್ದಿದ ಕಣಗಳು ಯಾವ ಕೋನಕ್ಕೆ ಎಷ್ಟು ಚದುರಿದವು ಎಂಬ ಒಂದು ಪಟ್ಟಿ ಯಾರದೋ ಹಳೇ ಪಿಎಚ್‌.ಡಿ. ಪ್ರಬಂಧದಲ್ಲಿತ್ತು, ಇನ್ನೊಂದು ವಿಜ್ಞಾನ ಪತ್ರಿಕೆಯೊಂದರಲ್ಲಿ. ಅದರಲ್ಲಿ ಕೋನ ಡಿಗ್ರಿಯಲ್ಲಿ, ಇದರಲ್ಲಿ ಕೊಸೈನಿನಲ್ಲಿ. ನೀನು ಕೆಲಸಕ್ಕೆಂದು ಆ ದೂರದ ಊರಿಗೆ ಹೊರಡುವ ಮೊದಲೇ ಎರಡನ್ನೂ ತುಂಬಿದ್ದೆ. ಕೊಸೈನ್ ಪಾಠ ಬರುವಷ್ಟು ದಿನ ನಾನು ಶಾಲೆಯಲ್ಲಿ ಇದ್ದವಳಲ್ಲ. ಕಳೆದ ತಿಂಗಳು ಹಟ ಹಿಡಿದು ಕಲಿತು ತಾಳೆ ನೋಡಿದರೆ ಎರಡೂ ಒಂದೇ ಪ್ರಯೋಗ! ಒಬ್ಬನೇ ಸಾಕ್ಷಿ ಅಂಗಿ ಬದಲಿಸಿ ಎರಡು ಸಲ ಬಂದಿದ್ದಾನೆ, ಈ ಅಂಕಿಗಳ ಮೇಲೆ ನಿಂತ ನಿನ್ನ ಕಂಪ್ಯೂಟರ್ ಮಾಡೆಲ್ ಅವನನ್ನು ಇಬ್ಬರೆಂದು ನಂಬಿಬಿಟ್ಟಿದೆ. ಪೆಟ್ಟು ತಿಂದ ಪ್ರೋಟಾನ್ ಕ್ಷಣಮಾತ್ರ ಕೆರಳಿ ನಿಲ್ಲುವ ಹೊಸ ಸ್ಥಿತಿಯೆಂದು ನೀನು ನಿನ್ನ ಥೀಸಿಸ್ಸಿನ ಗ್ರಾಫಿನಲ್ಲಿ ತೋರಿಸಿದ ಉಬ್ಬು, ಒಂದು ಪಟ್ಟಿ ತೆಗೆದರೆ ಹೆಚ್ಚುಕಡಿಮೆ ಕರಗಿಯೇ ಹೋಗುತ್ತದೆ.

ನಿನ್ನೆ ನಿನ್ನ ಗೈಡ್ ಮೇಷ್ಟ್ರಿಗೆ ಎಲ್ಲ ಹೇಳಿದೆ.

"ಬರೋ ತಿಂಗಳು ನಿಮ್ಮಕ್ಕನ ಪಿಎಚ್‌.ಡಿ. ವೈವಾ. ಗೊತ್ತಲ್ವಾ?" ಅಂದರು.

"ಗೊತ್ತು ಸಾರ್. ಅದಕ್ಕೇ ಈಗ್ಲೇ ಹೇಳ್ದೆ."

"ಅವಳಿಗೆ ಮೊದ್ಲು ಒಂದ್ ಮಾತು ಹೇಳ್ಬಾರ್ದಿತ್ತಾ?"

"ಅವಳು ಅತ್ರೆ ನಾನು ಬಾಯ್ಮುಚ್ಕೊಂಡ್‌ಬಿಡ್ತೀನಿ ಸಾರ್."

"ನಿನ್ನ ಮೊಂಡಿ ಅಂತ ಅವಳು ಸುಮ್ನೆ ಕರೆಯಲ್ಲ ಬಿಡು" ಅಂದರು. ನಗಲಿಲ್ಲ. ವೈವಾ ಮುಂದಕ್ಕೆ ಹಾಕಿದ್ದಾರೆ. ತಪ್ಪು ನನ್ನೊಬ್ಬಳದೇ ಎಂದು ಬರೆದುಕೊಟ್ಟು ಬಂದೆ.

ಅಮ್ಮ ನಿನ್ನೆಯಿಂದ ನನ್ನ ಜೊತೆ ಆಡಿದ್ದು ಒಂದೇ ಮಾತು: "ಅವಳಿಗೆ ನನ್ನ ಆಶೀರ್ವಾದ ಬರಿ." ಬರೆದಿದ್ದೇನೆ. ಬೈಯುವುದಿದ್ದರೆ ಹೊಟ್ಟೆ ತುಂಬಾ ಊಟ ಮಾಡಿ ಬೈಯಿ.

ಇಂತಿ ನಿನ್ನ,
ಮೊಂಡಿ

ತಾ.ಕ.: ಕಾಗದ ಮಡಿಸುವ ಮೊದಲು ಇನ್ನೊಂದು. ಇವತ್ತು ಆ ಹಳೇ ಪ್ರಬಂಧವನ್ನು ಕಪಾಟಿನಲ್ಲಿಡುವಾಗ ಪಟ್ಟಿಯ ಹಾಳೆಯ ಹಿಂಬದಿ ಕಂಡಿತು. ಪೆನ್ಸಿಲಿನಲ್ಲಿ ನಿನ್ನ ಅಕ್ಷರ. ಒಂದೊಂದು ಕೋನದ ಕೊಸೈನನ್ನೂ ಲೆಕ್ಕ ಹಾಕಿ, ಕೊನೆಗೆ "ಎರಡೂ ಒಂದೇ" ಎಂದು ಬರೆದಿದ್ದೀಯ. ತಾರೀಖು ನೀನು ಊರು ಬಿಟ್ಟ ಹಿಂದಿನ ದಿನದ್ದು. ಮೇಷ್ಟ್ರಿಗೆ ತೋರಿಸಿಲ್ಲ, ಅಳಿಸಿಯೂ ಇಲ್ಲ. ಇದು ಕೈ ಸೇರಿದ ದಿನವೇ ಅವರಿಗೆ ಫೋನ್ ಮಾಡು. ನನ್ನ ಬಾಯಿಂದ ಹೇಳಿಸಬೇಡ ಅಕ್ಕ.