ಪುಟ್ಟಿಯ ಕೆಳಗಿನ ಐದು ಸಾಲು

ನಗರದ ಪರಂಪರೆ ಫಲಕಗಳ ಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ಹೆಬ್ಬಗೋಡಿ ಪಕ್ಕದ ನಮ್ಮ ತೂಬಿನಪಾಳ್ಯದ ಕೆರೆಯಲ್ಲಿ ನೀರು ಹೊರಬಿಡುವ ತೂಬಿನ ಕಲ್ಲನ್ನು ನಿಮ್ಮ ಕಚೇರಿ ‘ಇತ್ತೀಚಿನ ನಿರ್ಮಾಣ’ ಎಂದು ಬರೆದು ಪಟ್ಟಿಯಿಂದ ಕೈಬಿಟ್ಟಿದೆ. ಅದು ತಪ್ಪು. ಪಟ್ಟಿಯಲ್ಲಿಲ್ಲದ ಕಲ್ಲನ್ನು ಉಳಿಸುವ ಹೊಣೆ ಯಾರದೂ ಅಲ್ಲ. ಹಾಗಾಗಿ ಏರಿಯ ಮೇಲೆ ವಾಕಿಂಗ್ ಪಾತ್ ಮಾಡಲಿರುವ ಗುತ್ತಿಗೆದಾರರು ಇದೇ ತಿಂಗಳ ಇಪ್ಪತ್ತೆರಡಕ್ಕೆ ಜೆಸಿಬಿ ತಂದು ಅದನ್ನು ಕೀಳಲಿದ್ದಾರೆ.

ಈ ಪತ್ರದಲ್ಲಿ ಹೊಟ್ಟೆಕಿಚ್ಚು ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳು ಒಂದು ಭಾನುವಾರ ಎರಡು ಬಸ್ ಬದಲಿಸಿ ನಗರದ ಹಳೆಯ ಬಡಾವಣೆಯೊಂದಕ್ಕೆ ಹೋಗಿ ನೀವು ಹಾಕಿಸಿರುವ ಫಲಕಗಳನ್ನು ನೋಡಿ ಬಂದೆ. ಒಂದೇ ರಸ್ತೆಯಲ್ಲಿ ಒಂಬತ್ತು. ಒಂದು ಮನೆಯಲ್ಲಿ ಸಂಗೀತ ವಿದ್ವಾಂಸರೊಬ್ಬರು ಹದಿನೇಳು ದಿನ ಅತಿಥಿಯಾಗಿದ್ದರಂತೆ, ಅದಕ್ಕೂ ಫಲಕ. ಇನ್ನೊಂದು ಕಡೆ ಮನೆಯೇ ಇಲ್ಲ. ಅಪಾರ್ಟ್‌ಮೆಂಟಿನ ಗೇಟಿಗೆ ‘ಮನೆ ಇಲ್ಲಿತ್ತು’ ಎಂಬ ಫಲಕ. ಇಲ್ಲದ ಮನೆಗೆ ಸಿಗುವ ಗೌರವ ಇರುವ ಕಲ್ಲಿಗೆ ಯಾಕಿಲ್ಲ? ನಮ್ಮ ಕಡೆ ಗೋಡೆಗಳ ಮೇಲೆ ಓದಲು ಸಿಗುವುದು ‘ಪಿಜಿ ಖಾಲಿ ಇದೆ’, ‘ಬೋರ್‌ವೆಲ್ ಕೊರೆಯಲಾಗುವುದು’ ಎರಡೇ. ಕಂಪನಿಗಳು ಬಂದ ದಿನವೇ ನಾವೂ ಹುಟ್ಟಿದೆವು ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ?

ಇನ್ನು ತಪ್ಪು ಹೇಗಾಯಿತು ಎಂಬ ವಿಷಯ. ಕಲ್ಲಿನ ಮೇಲೆ ಐದು ಸಾಲು ಬರಹವಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ಸಿದ್ದರಾಮಪ್ಪ ಮೇಷ್ಟ್ರು ಅಕ್ಷರಗಳಿಗೆ ಸೀಮೆಸುಣ್ಣ ತಿಕ್ಕಿ ಓದಿ ಹೇಳಿದ್ದರು: ಒಡೆದ ಏರಿಯನ್ನು ಕಟ್ಟಿ ತೂಬು ಇಡಿಸಿದ ನೀರಗಂಟಿಗೆ ಊರವರು ಕೊಡುಗೆಯಾಗಿ ಗದ್ದೆ ಬಿಟ್ಟ ಸಂಗತಿ. ನೀರಗಂಟಿ ಎಂದರೆ ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವವನು. ನಮ್ಮೂರಿನ ಕೊನೆಯ ನೀರಗಂಟಿ ವೆಂಕಟೇಶಪ್ಪನವರಿಗೆ ಈಗ ಎಪ್ಪತ್ತೆಂಟು. ಗದ್ದೆಗಳು ಹೋಗಿ ಇಪ್ಪತ್ತು ವರ್ಷವಾದರೂ ದಿನಾ ಬೆಳಿಗ್ಗೆ ತೂಬಿನ ಬಳಿ ಕಸ ತೆಗೆದು ಬರುತ್ತಾರೆ. ಕಲ್ಲಿನಲ್ಲಿರುವ ಹೆಸರು ಅವರ ಪೂರ್ವಿಕರದು ಎಂದು ಊರು ನಂಬಿದೆ. ನನ್ನ ಬಳಿ ದಾಖಲೆ ಇಲ್ಲ, ಆದ್ದರಿಂದ ಹಾಗೆಂದು ನಾನು ಹೇಳುವುದಿಲ್ಲ.

ನಿಮ್ಮವರು ಪರಿಶೀಲನೆಗೆ ಬರುತ್ತಾರೆ ಎಂದು ತಿಳಿದದ್ದೇ ತಡ, ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡದ ಮಾಲೀಕ ಗೋಪಾಲಪ್ಪನವರು ಊರಿನ ಮರ್ಯಾದೆಯ ಪ್ರಶ್ನೆ ಎಂದುಕೊಂಡರು. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವ ಹಾಗೆ, ತಮ್ಮ ಬಾಡಿಗೆದಾರ ಯಾದಗಿರಿ ಕಡೆಯ ಪೇಂಟರ್ ಭೀಮಪ್ಪನಿಗೆ ಹೇಳಿ ಕಲ್ಲಿಗೆ ಹಳದಿ ಆಯಿಲ್ ಪೇಂಟ್ ಹೊಡೆಸಿದರು. ನಿಮ್ಮ ಅಧಿಕಾರಿ ಬಂದು ಮೂಗು ಮುಚ್ಚಿಕೊಂಡರು.

“ಇನ್ನೂ ವಾಸ್ನೆನೇ ಹೋಗಿಲ್ವಲ್ರೀ! ಯಾವಾಗ ಕಟ್ಸಿದ್ದು?”

“ನಿಮ್ಗೋಸ್ಕರಾನೇ ಸಾರ್, ಎರಡು ಕೋಟು!” ಎಂದರು ಗೋಪಾಲಪ್ಪ.

“ಅಕ್ಸರ ಒಳಗವೆ ಸಾಮಿ, ಇಂಗೆ ಕೈ ಆಡ್ಸಿ ನೋಡಿ,” ಎಂದು ವೆಂಕಟೇಶಪ್ಪ ಬೇಡಿಕೊಂಡರು. ಅಧಿಕಾರಿ ಕೈ ಆಡಿಸಿದರು. ಕಲ್ಲು ಕನ್ನಡಿಯಂತೆ ನುಣುಪಾಗಿತ್ತು.

ಹಿಂದೆ ನಿಂತಿದ್ದ ಭೀಮಪ್ಪ ಶಭಾಷ್ ನಿರೀಕ್ಷಿಸುತ್ತ ಹೇಳಿದ: “ಭಾಳ ತೆಗ್ಗು ಇದ್ವು ಸರ. ಪುಟ್ಟಿ ತುಂಬಿ ಸಾಪ್ ಮಾಡೀನ್ರಿ.”

ವೆಂಕಟೇಶಪ್ಪ ಏರಿಯ ಮೇಲೆಯೇ ಕುಕ್ಕರಿಸಿದರು. ನಿಮ್ಮ ಅಧಿಕಾರಿ ನಗುತ್ತ ಎರಡು ಪದ ಗೀಚಿಕೊಂಡು ಜೀಪು ಹತ್ತಿದರು. ತಪ್ಪು ಮಾಡಿದವರು ನಾವೇ, ನಿಜ. ಆದರೆ ಪುಟ್ಟಿ ತುಂಬಿದ್ದೇನೆ ಎಂದು ಒಬ್ಬ ಕಾರ್ಮಿಕ ಬಾಯಿಬಿಟ್ಟು ಹೇಳಿದ ಮೇಲೂ ಅದರ ಕೆಳಗೆ ಏನಿದೆ ಎಂದು ನೋಡದಿರುವುದಕ್ಕೆ ಯಾವ ಪದವಿ ಓದಿರಬೇಕು? ಹಳೆಯ ಬಡಾವಣೆಯ ಕಲ್ಲಾಗಿದ್ದರೆ ನಾಲ್ಕು ಜನ ತಜ್ಞರು ಕುಂಚ ಹಿಡಿದು ಬರುತ್ತಿರಲಿಲ್ಲವೇ?

ವಿಷಯ ತಿಳಿದ ಮೇಲೆ ಭೀಮಪ್ಪ ರಜೆಯ ದಿನ ಬಂದು ಮೂಲೆಯಲ್ಲಿ ಗೇಣುದ್ದ ಪುಟ್ಟಿ ಬಿಡಿಸಿದ. ಮೂರು ಅಕ್ಷರ ಕಂಡವು. ಜೊತೆಗೆ ಕಲ್ಲಿನ ಚಕ್ಕೆಯೂ ಏಳತೊಡಗಿದ್ದರಿಂದ ನಾನೇ ನಿಲ್ಲಿಸಿದೆ. ಇದು ಬಲ್ಲವರು ಮಾಡಬೇಕಾದ ಕೆಲಸ.

ನನ್ನ ಬೇಡಿಕೆ ಇಷ್ಟು: ಇಪ್ಪತ್ತೆರಡರೊಳಗೆ ಶಾಸನ ಓದಬಲ್ಲ ಒಬ್ಬರನ್ನು ಕಳುಹಿಸಿ, ಅಲ್ಲಿಯವರೆಗೆ ಕಲ್ಲನ್ನು ಮುಟ್ಟಬಾರದೆಂದು ಗುತ್ತಿಗೆದಾರರಿಗೆ ಲಿಖಿತ ಸೂಚನೆ ಕೊಡಿ. ತಿರಸ್ಕರಿಸುವುದಾದರೆ ಓದಿ ತಿರಸ್ಕರಿಸಿ. ಇನ್ನೊಂದು ಮಾತು. ವೆಂಕಟೇಶಪ್ಪ ಫಲಕ ಕೇಳಿದವರಲ್ಲ. “ಕಲ್ಲು ಇದ್ದಲ್ಲೇ ಇರ್ಲಿ ಬುಡಪ್ಪ” ಎಂದಷ್ಟೇ ಅಂದರು. ಫಲಕ ಬೇಕಾಗಿರುವುದು ನನಗೆ. ಈ ಪತ್ರದ ಧಾಟಿ ನಿಮಗೆ ಸಿಟ್ಟು ತಂದಿದ್ದರೆ ನಮ್ಮೂರಿಗೆ ಫಲಕ ಕೊಡಬೇಡಿ. ಕಲ್ಲನ್ನು ಮಾತ್ರ ವೆಂಕಟೇಶಪ್ಪನವರಿಗೆ ಬಿಟ್ಟುಕೊಡಿ.

ಇಂತಿ,
ನಿಮ್ಮ ಒಂಬತ್ತು ಫಲಕಗಳನ್ನೂ ಪೂರ್ತಿ ಓದಿದ ಹೊಟ್ಟೆಕಿಚ್ಚಿನ ನಾಗರಿಕ,
ಶ್ರೀಧರ್, ತೂಬಿನಪಾಳ್ಯ